ಶಿವಮ್ಮ, ವಿಮರ್ಶೆಗಳು ಮತ್ತು ನಮ್ಮವ್ವ

ಈ ಸಿನಿಮಾ ಬಗ್ಗೆ ಬರೀಬೇಕು ಅಂದುಕೊಂಡು ತುಂಬಾ ದಿನ ಆಯ್ತು. ಬರೆಯೋಕೆ ಕೂತಾಗಲೆಲ್ಲ ಅದು ಸಿನಿಮಾ ಬಿಟ್ಟು ನಮ್ಮ ಮನೆ ಕಡೆ ತಿರುಗಿಬಿಡ್ತಿತ್ತು, ಹಾಗೇ ಬಿಟ್ಟು ಏಳ್ತಿದ್ದೆ. ಇವತ್ತು ಎರಡನ್ನೂ ಸೇರಿಸಿಯೇ ಬರೆದುಬಿಡ್ತೀನಿ.

2022ರ ಅಕ್ಟೋಬರ್ ನೆನಪಿದೆಯಾ? ಎಲ್ಲರ ಬಾಯಲ್ಲೂ 'ಕಾಂತಾರ'. ಅದೇ ತಿಂಗಳು ರಿಷಬ್ ಶೆಟ್ಟಿಯವರು ನಿರ್ಮಾಪಕರಾಗಿದ್ದ ಇನ್ನೊಂದು ಸಣ್ಣ ಬಜೆಟ್ಟಿನ ಚಿತ್ರ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ 'ನ್ಯೂ ಕರೆಂಟ್ಸ್' ಪ್ರಶಸ್ತಿ ಗೆದ್ದಿತ್ತು. ಏಷ್ಯಾದ ನಿರ್ದೇಶಕರ ಮೊದಲ ಅಥವಾ ಎರಡನೇ ಚಿತ್ರಗಳಿಗೆ ಇದ್ದ ಸ್ಪರ್ಧೆ ಅದು. ಗೆದ್ದ ಎರಡು ಚಿತ್ರಗಳಿಗೆ ತಲಾ 30,000 ಡಾಲರ್. ಆ ವರ್ಷ ಒಂದು ಕೊರಿಯಾದ್ದು, ಇನ್ನೊಂದು ಜೈಶಂಕರ್ ಆರ್ಯರ್ ಅವರ ಮೊದಲ ಚಿತ್ರ 'ಶಿವಮ್ಮ'.

ನಮ್ಮಲ್ಲಿ ಅದು ತೆರೆಕಂಡಿದ್ದು 2024ರ ಜೂನ್ 14ಕ್ಕೆ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಹೆಚ್ಚಾಗಿ ಊರಿನ ಜನರನ್ನೇ ಹಾಕಿಕೊಂಡು ತೆಗೆದ ಸಿನಿಮಾ. ಸರ್ಕಾರಿ ಶಾಲೆಯಲ್ಲಿ ಅಡುಗೆ ಮಾಡುವ ಶಿವಮ್ಮ (ಶರಣಮ್ಮ ಚೆಟ್ಟಿ), ಪಾರ್ಶ್ವವಾಯು ಬಡಿದ ಗಂಡ ಎದ್ದು ಓಡಾಡ್ತಾನೆ ಅನ್ನೋ ನಂಬಿಕೆಯಲ್ಲಿ ಒಂದು ಶಕ್ತಿಪೇಯದ ಚೈನ್ ವ್ಯಾಪಾರಕ್ಕೆ ದುಡ್ಡು ಹಾಕ್ತಾಳೆ. ಮನೆಯಲ್ಲಿ ಸಾಲ, ಮದುವೆಗೆ ಬಂದ ಮಗಳು. ಆದರೂ ಮಾರೋದು ಬಿಡಲ್ಲ.

ನಾನು ಓದಿದ ವಿಮರ್ಶೆಗಳಲ್ಲಿ ಹೊಗಳಿಕೆಯೇ ಹೆಚ್ಚು. ಆಫೀಸಿನ ಗೆಳೆಯರು ಮಾತ್ರ "ಸ್ಲೋ ಮಗಾ" ಅಂದರು. ನನಗೆ ಎಲ್ಲಕ್ಕಿಂತ ಮೊದಲು ಖುಷಿ ಕೊಟ್ಟಿದ್ದು ಮಾತು. ಕೊಪ್ಪಳದ ಮಾತಿಗೂ ವಿಜಾಪುರ ಕಡೆಯ ನಮ್ಮ ಮಾತಿಗೂ ಸ್ವಲ್ಪ ಫರಕು ಇದೆ, ಇರಲಿ. ನಮ್ಮ ಕಡೆಯವರು ತೆರೆ ಮೇಲೆ ಬಾಯಿ ತೆಗೆದರೆ ನಗಬೇಕು ಅನ್ನೋದು ರೂಢಿ ಆಗಿಹೋಗಿತ್ತಲ್ಲ, ಇಲ್ಲಿ ಹಾಗಿಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಗೆದ್ದ ರಾಮ್ ರೆಡ್ಡಿಯವರ ಮೊದಲ ಚಿತ್ರ 'ತಿಥಿ' ನೋಡಿ ಮಂಡ್ಯದ ನನ್ನ ರೂಮ್‌ಮೇಟ್ ಯಾಕೆ ಅಷ್ಟು ಕುಣಿದಿದ್ದ ಅಂತ ಆಗ ಅರ್ಥ ಆಯ್ತು :-)

ಮೊದಲ ಸಲ ಒಬ್ಬನೇ ನೋಡಿ ಬಂದು ಗೆಳೆಯರಿಗೆ ದೊಡ್ಡ ವಿಮರ್ಶಕನ ಹಾಗೆ ಹೇಳಿದ್ದೆ: "ಚೈನ್ ವ್ಯಾಪಾರದ ಮೋಸ ಹೇಗೆ ನಡೆಯುತ್ತೆ ಅಂತ ಚೆನ್ನಾಗಿ ತೋರಿಸಿದ್ದಾನೆ."

ಆ ವಾರ ಅವ್ವ ಹೊನವಾಡದಿಂದ ಬೆಂಗಳೂರಿಗೆ ಬಂದಿದ್ದಳು. ಮತ್ತೆ ಕರೆದುಕೊಂಡು ಹೋದೆ. ಸತ್ಯ ಹೇಳಬೇಕು ಅಂದ್ರೆ, ಆಕೆಗೆ ಒಂದು ಪಾಠ ಆಗಲಿ ಅಂತಲೇ ಹೋಗಿದ್ದು. ಯಾಕಂದ್ರೆ 2019ರಲ್ಲಿ ನಮ್ಮವ್ವನೂ ಇಂಥದ್ದೇ ಒಂದು ಪುಡಿಗೆ 18,000 ರೂಪಾಯಿ ಹಾಕಿದ್ದಳು. ನಾನಾಗ ನೌಕರಿ ಸೇರಿ ಆರು ತಿಂಗಳು. ಕಾರ ಹುಣ್ಣಿಮೆಗೆ ಊರಿಗೆ ಹೋದವನು ಮಂಚದ ಕೆಳಗಿನ ಡಬ್ಬಿಗಳನ್ನು ನೋಡಿ ಕೂಗಾಡಿಬಿಟ್ಟೆ. ಹಾಳೆ ತಗೊಂಡು ಲೆಕ್ಕ ಬರೆದು ತೋರಿಸಿದೆ. ಒಬ್ಬರು ಆರು ಜನರನ್ನು ಸೇರಿಸಬೇಕು, ಆ ಆರು ಜನ ತಲಾ ಆರು ಮಂದಿಯನ್ನು. ಹತ್ತನೇ ಮೆಟ್ಟಿಲಿಗೆ 6 ಕೋಟಿ ಜನ ಬೇಕು, ಅಂದರೆ ಹೆಚ್ಚುಕಡಿಮೆ ಇಡೀ ಕರ್ನಾಟಕ. "ಎಲ್ಲಿಂದ ತರ್ತೀ ಅವ್ವಾ ಅಷ್ಟು ಮಂದೀನ?" ಅಂದೆ. ಆಕೆ ಏನೂ ಅನ್ನದೆ ರೊಟ್ಟಿ ಬಡಿಯೋಕೆ ಹೋದಳು. ಲೆಕ್ಕ ಸರಿ ಇತ್ತು. ನಾನು ಗೆದ್ದೆ ಅಂದುಕೊಂಡಿದ್ದೆ.

ನಾವು ಹೋದ ಶೋನಲ್ಲಿ ಹೆಚ್ಚೆಂದರೆ 15 ಜನ ಇದ್ದರು. ಅಲ್ಲಲ್ಲಿ ಯಾರೋ ನಗ್ತಿದ್ದರು, ಅವ್ವ ನಗಲಿಲ್ಲ. ಹೊರಗೆ ಬಂದು ಮೆಟ್ರೋದಲ್ಲಿ ಕೂತ ಮೇಲೆ ಕೇಳಿದೆ.

"ಹ್ಯಾಂಗಿತ್ತವ್ವಾ ಪಿಚ್ಚರ್?"

"ನಾನೂ ಹಂಗ ಮಂದಿ ಬಾಗಲದಾಗ ನಿಂತಿದ್ನೆಲ್ಲೋ ತಮ್ಮಾ."

ಎರಡು ಸ್ಟೇಷನ್ ಸುಮ್ಮನಿದ್ದಳು. ಆಮೇಲೆ ಅಂದಳು, "ನಿಮ್ಮಪ್ಪನ ಕಾಲಿಂದು ಮಾಯ್ತೈತಿ ಅಂದಿದ್ರು. ಹಂಗಂದಿದ್ರ ನೀನೂ ರೊಕ್ಕ ಕೊಡತಿದ್ದಿ."

ಅಪ್ಪನಿಗೆ ಸಕ್ಕರೆ ಕಾಯಿಲೆ. ಆ ವರ್ಷ ಕಾಲಿನ ಗಾಯ ತಿಂಗಳುಗಟ್ಟಲೆ ಮಾದಿರಲಿಲ್ಲ. ಹಾಳೆಯ ಮೇಲಿನ ನನ್ನ ಲೆಕ್ಕದಲ್ಲಿ ಆ ಕಾಲು ಇರಲೇ ಇಲ್ಲ.

ಇನ್ನೂ ಒಂದು ವಿಷಯ ಆಗಲೇ ಗೊತ್ತಾಗಿದ್ದು. ಆಕೆಯ ಮಾತು ಕೇಳಿ ಪುಡಿ ಕೊಂಡಿದ್ದ ಓಣಿಯ ಮೂರು ಜನ ಹೆಂಗಸರಿಗೆ, ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿದ ಕೂಲಿಯಿಂದ ಅವ್ವ ದುಡ್ಡು ವಾಪಸ್ ಕೊಟ್ಟಿದ್ದಳು. ನನಗೆ ಹೇಳಿರಲಿಲ್ಲ. "ಹೇಳಿದ್ರ ಮತ್ತ ಹಾಳಿ ತರತಿದ್ದಿ" ಅಂದಳು. ನಕ್ಕಳು. ನನಗೆ ನಗು ಬರಲಿಲ್ಲ.

ಹಾಗಾಗಿ ಗೆಳೆಯರಿಗೆ ಹೇಳಿದ್ದ ವಿಮರ್ಶೆ ವಾಪಸ್ ತಗೊಳ್ತಿದೀನಿ. ಮೋಸ ಹೇಗೆ ನಡೆಯುತ್ತೆ ಅನ್ನೋದಕ್ಕೆ ಸಿನಿಮಾ ಬೇಕಿಲ್ಲ, ಒಂದು ಹಾಳೆ ಸಾಕು. ಹಟ ಹಿಡಿದು ಮನೆ ಮನೆ ತಿರುಗುವ ಹೆಂಗಸನ್ನು ದಡ್ಡಿ ಅಂತಲೂ ಪಾಪ ಅಂತಲೂ ನೋಡದೆ ಜೊತೆಗೆ ನಡೆಯೋದು ಕಷ್ಟ. ಆರ್ಯರ್ ಅವರ ಸಿನಿಮಾ ಅದನ್ನು ಮಾಡಿದೆ, ನಮ್ಮವ್ವನ ಜೊತೆ ನಾನು ಮಾಡಿರಲಿಲ್ಲ. ಗೆಳೆಯರು ಸ್ಲೋ ಅಂದರಲ್ಲ, ನನಗೆ ಐದು ವರ್ಷ ಹಿಡೀತು!

ನೀವು ನೋಡಿದ್ದರೆ ನಿಮಗೆ ಏನನ್ನಿಸ್ತು ಹೇಳಿ. ನೋಡಿಲ್ಲ ಅಂದ್ರೆ, ಆದಷ್ಟೂ ಮನೆಯಲ್ಲಿ ದೊಡ್ಡವರ ಜೊತೆ ಕೂತು ನೋಡಿ.