ಕೈ ಮುರಿದವನು, ಕೈ ಎತ್ತಿದವನು

ನಮ್ಮ ಮನೆಯಲ್ಲಿ ಆಂಟೋನಿಯೊ ಇನೋಕಿ ಎಂಬ ಹೆಸರಿಗೆ ಒಂದೇ ಒಂದು ಒಳ್ಳೆಯ ಮಾತಿರಲಿಲ್ಲ. ಕಾರಣ, ಮುಹಮ್ಮದ್ ಅಲಿ. 1976ರ ಜೂನ್ 26ರಂದು ಟೋಕಿಯೊದಲ್ಲಿ ನಡೆದ 15 ಸುತ್ತಿನ ಸೆಣಸಾಟದಲ್ಲಿ ಈ ಜಪಾನಿ ಕುಸ್ತಿಪಟು ಹೆಚ್ಚು ಹೊತ್ತು ನೆಲದಲ್ಲಿ ಮಲಗಿಯೇ ಅಲಿಯ ಕಾಲಿಗೆ ಒದೆಯುತ್ತಿದ್ದ. ಪಂದ್ಯ ಸಮವಾಯಿತು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಅಲಿ ಆಸ್ಪತ್ರೆ ಸೇರಬೇಕಾಯಿತು. "ಎದ್ದು ನಿಲ್ಲುವ ಧೈರ್ಯ ಇಲ್ಲದವನು" ಎಂದು ಅಬ್ಬ ಹಲ್ಲು ಕಡಿಯುತ್ತಿದ್ದರು. ಎದ್ದು ನಿಂತು ಅಲಿಯ ಮುಷ್ಟಿಗೆ ಸಿಕ್ಕಿದ್ದರೆ ಆತನ ಕತೆ ಅಲ್ಲಿಗೇ ಮುಗಿಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಅದೇ ವರ್ಷದ ಡಿಸೆಂಬರಿನಲ್ಲಿ ಇನೋಕಿ ಕರಾಚಿಗೆ ಹೋದ. ಎದುರಿಗಿದ್ದವರು ಅಕ್ರಮ್ ಪೈಲ್ವಾನ್. ಗಾಮಾ ಪೈಲ್ವಾನರ ತಮ್ಮ ಇಮಾಮ್ ಬಕ್ಷರ ಮಗ, ವಯಸ್ಸು ನಲವತ್ತು ದಾಟಿತ್ತು. ಇನೋಕಿಗೆ ಮೂವತ್ಮೂರು. ಮೂರನೆಯ ಸುತ್ತಿನಲ್ಲಿ ಇನೋಕಿ ಅವರ ತೋಳನ್ನು ತಿರುಚಿ ಹಿಡಿದ. ಸೋಲೊಪ್ಪಿಕೊಂಡಿದ್ದರೆ ತೋಳು ಉಳಿಯುತ್ತಿತ್ತು. ಆದರೆ ಆ ಮನೆತನದವರಿಗೆ ಒಪ್ಪಿಕೊಳ್ಳುವುದು ಗೊತ್ತಿರಲಿಲ್ಲ. ತೋಳು ಮುರಿಯಿತು. ಆ ದೃಶ್ಯದ ಹಳೆಯ ಚಿತ್ರಿಕೆಯನ್ನು ಒಮ್ಮೆ ನೋಡಿದ್ದೇನೆ, ಮತ್ತೆ ನೋಡುವ ಮನಸ್ಸಾಗಿಲ್ಲ.

1979ರ ಜೂನಿನಲ್ಲಿ ಸೇಡಿನ ಪಂದ್ಯ ಲಾಹೋರಿನಲ್ಲಿ. ಈ ಸಲ ಎದುರಿಗೆ ಬಂದವನು ಅಕ್ರಮರ ಅಣ್ಣನ ಮಗ ಝಾರಾ, ಇಪ್ಪತ್ತರ ಆಸುಪಾಸಿನ ಹುಡುಗ. ಐದು ಸುತ್ತು ಮುಗಿದರೂ ಯಾರೂ ಬೀಳಲಿಲ್ಲ. ಆಗ ಇನೋಕಿ ತಾನೇ ಹೋಗಿ ಹುಡುಗನ ಕೈ ಹಿಡಿದು ಮೇಲೆತ್ತಿದ. ಪಂದ್ಯ ಸಮವಾಯಿತು ಎನ್ನುವವರು ಈಗಲೂ ಇದ್ದಾರೆ. ಇರಲಿ, ಲಾಹೋರಿನ ಜನ ಕಂಡದ್ದು ಆ ಎತ್ತಿದ ಕೈಯನ್ನು.

ಹದಿಹರೆಯದಲ್ಲಿ ಮನೆಯವರೊಂದಿಗೆ ಬ್ರೆಜಿಲಿಗೆ ವಲಸೆ ಹೋಗಿ ಕಾಫಿ ತೋಟದಲ್ಲಿ ದುಡಿದವನು ಇನೋಕಿ. 1989ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಗೆ ಆರಿಸಿ ಬಂದ. ಮರುವರ್ಷ ಇರಾಕಿನಲ್ಲಿ ಸದ್ದಾಂ ಹುಸೇನ್ ಜಪಾನೀಯರನ್ನು ಒತ್ತೆಯಿಟ್ಟುಕೊಂಡಾಗ ಬಗ್ದಾದಿನಲ್ಲಿ ಕುಸ್ತಿ ಏರ್ಪಡಿಸಿ ಅವರನ್ನು ಬಿಡಿಸಿಕೊಂಡು ಬಂದ. ಆ ವರ್ಷವೇ ಕರ್ಬಲಾದಲ್ಲಿ ಇಸ್ಲಾಮ್ ಸ್ವೀಕರಿಸಿ ಮುಹಮ್ಮದ್ ಹುಸೇನ್ ಆದ. ಮುಂದೆ ತಾನು ಬೌದ್ಧನೂ ಹೌದು ಎಂದು ಹೇಳಿಕೊಂಡ. ನಮ್ಮವರು ಮೊದಲ ಸುದ್ದಿಗೆ ಹಿಗ್ಗಿ, ಎರಡನೆಯದಕ್ಕೆ ಮುಖ ತಿರುಗಿಸುತ್ತಾರೆ. ನನಗೆ ಎರಡಕ್ಕಿಂತಲೂ ದೊಡ್ಡದಾಗಿ ಕಾಣುವುದು ಇನ್ನೊಂದು. ಅಕ್ರಮ್ 1987ರಲ್ಲಿ ತೀರಿಕೊಂಡರು, ಝಾರಾ 1991ರಲ್ಲಿ. ಬರಲೇಬೇಕೆಂದು ಕೇಳುವವರು ಯಾರೂ ಉಳಿದಿರಲಿಲ್ಲ. ಆದರೂ ಇನೋಕಿ 2012ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಮತ್ತೆ ಪಾಕಿಸ್ತಾನಕ್ಕೆ ಬಂದ. ಅನಂತರ ಅದೇ ಮನೆತನದ ಹುಡುಗನೊಬ್ಬನಿಗೆ ಜಪಾನಿನಲ್ಲಿ ಕುಸ್ತಿ ಕಲಿಸುವ ಹೊಣೆ ಹೊತ್ತ.

ಇನೋಕಿ 2022ರ ಅಕ್ಟೋಬರ್ 1ರಂದು, 79ನೆಯ ವಯಸ್ಸಿನಲ್ಲಿ ನಿಧನ ಹೊಂದಿದ ಸುದ್ದಿ ಬಂದಾಗ ಇದನ್ನೆಲ್ಲ ಅಬ್ಬನಿಗೆ ಹೇಳಿದೆ. 1998ರಲ್ಲಿ ಇನೋಕಿಯ ವಿದಾಯದ ಪಂದ್ಯಕ್ಕೆ ಸ್ವತಃ ಅಲಿಯೇ ಟೋಕಿಯೊಗೆ ಹೋಗಿದ್ದರು ಎಂದೂ ಸೇರಿಸಿದೆ.

ಅಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಅಲಿಯ ದೊಡ್ಡತನ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಆ ಹುಡುಗನ ಕೈ ಎತ್ತಿದ್ದು ನಿಜವಾ?"