ಸೋನೌಲಿ ಗಡಿ ದಾಟಿದ ಮೇಲೆ

ಕಳೆದ ವರ್ಷ ನಾವು ನಾಲ್ವರು ಗೆಳೆಯರು ಪಶುಪತಿನಾಥನ ದರ್ಶನಕ್ಕೆ ಹೋಗಿದ್ದೆವು. ಗೋರಖಪುರದವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ ಗಡಿ. ನೇಪಾಳಕ್ಕೆ ನಮಗೆ ಪಾಸ್‌ಪೋರ್ಟ್ ಬೇಕಿಲ್ಲ, ವೋಟರ್ ಕಾರ್ಡ್ ಸಾಕು. ಹಾಗಾಗಿ ಅದು ಬೇರೆ ದೇಶ ಅನ್ನೋದೇ ಮರೆತುಹೋಗಿತ್ತು.

ಗಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಲ್ಕೂ ಫೋನ್‌ಗಳಲ್ಲಿ ನೆಟ್‌ವರ್ಕ್ ಹೋಯಿತು. ರಾತ್ರಿಯಿಡೀ ಬಸ್ ಪ್ರಯಾಣ. ನಮ್ಮಲ್ಲೊಬ್ಬನ ಅವ್ವ ಮಗನ ಫೋನ್ ಬಂದ ಮೇಲೆಯೇ ಉಣ್ಣುವವರು. ಅವರದು ಕೀಪ್ಯಾಡ್ ಫೋನ್. ಬೆಳಿಗ್ಗೆ ಕಠ್ಮಂಡುವಿನ ಲಾಡ್ಜ್‌ನಲ್ಲಿ ವೈಫೈ ಸಿಕ್ಕಾಗ ಪಕ್ಕದ ಮನೆ ಹುಡುಗನಿಗೆ ವಾಟ್ಸಾಪ್ ಕರೆ ಮಾಡಿದೆವು. ಅವನು ಓಡಿಹೋಗಿ ಅವ್ವನ ಕೈಗೆ ಫೋನ್ ಕೊಟ್ಟ.

"ಆರಾಮ ಇದ್ದೀಯೇನಪ್ಪಾ?" ಎಂದರು. ರಾತ್ರಿ ಅವರು ಉಂಡಿರಲಿಲ್ಲ.

ಇಲ್ಲಿನ ರೀಚಾರ್ಜ್ ಗಡಿಯಾಚೆ ನಡೆಯುವುದಿಲ್ಲ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಹೋಗುವ ದೇಶಕ್ಕೆ ನಡೆಯುವ ಪ್ಯಾಕ್ ಕೇಳಿ ಹಾಕಿಸಿ. ಪ್ಯಾಕ್ ಇಲ್ಲದಿದ್ದರೆ ಬಂದ ಕರೆ ಎತ್ತಿದರೂ ದುಡ್ಡು ಹೋಗುತ್ತದೆ. ಡೇಟಾ ರೋಮಿಂಗ್ ಆಫ್ ಇಡಿ. ಲಾಡ್ಜ್‌ನ ವೈಫೈನಲ್ಲಿ ನಿಮ್ಮ ಹಳೇ ನಂಬರಿನ ವಾಟ್ಸಾಪೇ ನಡೆಯುತ್ತದೆ.

ಎಲ್ಲಕ್ಕಿಂತ ಮೊದಲು ಮನೆಯವರಿಗೆ ಒಂದು ಮಾತು ಹೇಳಿ: "ಒಂದು ದಿನ ಫೋನ್ ಬರಲಿಕ್ಕಿಲ್ಲ, ನೀವು ಊಟ ಮಾಡಿ." ನಾವು ಹೇಳದೇ ಹೋದದ್ದು ಅದನ್ನೇ.