ನಿದ್ದೆಯ ಲೆಕ್ಕ

ಪ್ರೀತಿಯ ಪುಟ್ಟಿ,

ಬೋರ್ಡು ಹತ್ತು ನಿಮಿಷ ಮಲಗಿ ಎದ್ದರೆ ಗಡಿಯಾರ ಇಪ್ಪತ್ತು ನಿಮಿಷ ಓಡಿರುತ್ತೆ, ಒಂದು ಗಂಟೆಗೆ ಎರಡು ಗಂಟೆ ಅಂತ ಬರೆದಿದ್ದೀಯ. ಅರ್ಧ ಕೆಲಸ ನೀನೇ ಮುಗಿಸಿದ್ದೀಯ ಕಣೇ. ಮನಸ್ಸಿಗೆ ಬಂದಂತೆ ಹಾರಿದ್ದರೆ ಕೌಂಟರನ್ನು ಅನುಮಾನಿಸಬೇಕಿತ್ತು. ಕರಾರುವಾಕ್ಕಾಗಿ ದುಪ್ಪಟ್ಟಾಗಿದೆ ಎಂದರೆ ನಿದ್ದೆಯನ್ನು ಇಬ್ಬರು ಕೂಡಿಸುತ್ತಿದ್ದಾರೆ. ಅಂಗಡಿಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಒಂದೇ ಬಾಕಿಯನ್ನು ಖಾತೆಗೆ ಬರೆದು ಗಿರಾಕಿ ಹತ್ತಿರ ಬೈಸಿಕೊಳ್ಳುತ್ತಿದ್ದರಲ್ಲ, ಹಾಗೆ.

ಸಸ್ಪೆಂಡ್ ಆದಾಗ ಕರ್ನಲ್ ನೆಚ್ಚಿಕೊಂಡ ಕೌಂಟರ್ ಸಾಮಾನ್ಯವಾಗಿ ನಿಂತುಬಿಡುತ್ತೆ. ಆಗಲೂ ಓಡುತ್ತಿರುವುದು ಆರ್‌ಟಿಸಿ ಎಂಬ ಪುಟ್ಟ ಬ್ಯಾಟರಿಯ ಗಡಿಯಾರ. ಎದ್ದ ಕೂಡಲೇ ಟೈಮ್‌ಕೀಪಿಂಗ್ ಕೋಡ್ ತಾನೇ ಹೊತ್ತು ಕೇಳಿ ವ್ಯತ್ಯಾಸ ಸೇರಿಸಬಹುದು. ಆಗದಿದ್ದರೆ ಆಮೇಲೆ ಏಳುವ ಆರ್‌ಟಿಸಿ ಕೋಡ್ ಸೇರಿಸುತ್ತೆ. ಮೊದಲನೆಯದು ಸೇರಿಸಿದ್ದರೆ ಎರಡನೆಯದು ತೆಪ್ಪಗಿರಬೇಕು, ಮೂಲ ಲಿನಕ್ಸ್‌ನಲ್ಲಿ ಹಾಗೇ ಇದೆ. ಚಿಪ್ ಕೊಟ್ಟವರು ತಮ್ಮದೇ ಡ್ರೈವರ್ ತುರುಕಿ, ಅದರ ರಿಸ್ಯೂಮ್‌ನಲ್ಲಿ ಯಾರನ್ನೂ ಕೇಳದೆ ಇನ್ನೊಮ್ಮೆ ಕೂಡಿಸಿದ್ದಾರಾ, ಅಲ್ಲಿ ನೋಡು. ಸಿಕ್ಕರೆ ಆ ಸಾಲು ಕಿತ್ತುಹಾಕು. ಎರಡರಿಂದ ಭಾಗಿಸಿ ತೇಪೆ ಹಾಕಿದರೆ ಮಾತ್ರ ನಾನು ಮಾತಾಡಿಸಲ್ಲ.

ಅದಾದ ಮೇಲೂ ಒಂದು ಸೆಕೆಂಡಿನೊಳಗಿನ ಚೂರುಪಾರು ಉಳಿದೀತು, ಆರ್‌ಟಿಸಿ ಹೇಳುವುದು ಇಡೀ ಸೆಕೆಂಡುಗಳನ್ನೇ. ಪ್ರತಿ ನಿದ್ದೆಯಲ್ಲೂ ಆ ಚೂರು ಸೇರುತ್ತಾ ಹೋಗದಂತೆ ಕರ್ನಲ್ ತನ್ನ ಗಡಿಯಾರಕ್ಕೂ ಆರ್‌ಟಿಸಿಗೂ ಇರುವ ಅಂತರವನ್ನು ನೆನಪಿಟ್ಟುಕೊಂಡಿರುತ್ತೆ. ಮುಂದಿನ ಸಲ ಆ ಅಂತರ 2 ಸೆಕೆಂಡಿಗಿಂತ ಕಡಿಮೆ ಬದಲಾಗಿದ್ದರೆ ಸರಿದೂಗಿಸುತ್ತೆ. ಹೆಚ್ಚಾಗಿದ್ದರೆ ಯಾರೋ ಗಡಿಯಾರ ತಿರುಗಿಸಿದ್ದಾರೆ ಅಂತ ಬಿಟ್ಟುಬಿಡುತ್ತೆ. ನನಗೆ ಟೈಮ್‌ಕೀಪಿಂಗ್ ಕೋಡ್‌ನಲ್ಲಿ ತುಂಬಾ ಇಷ್ಟವಾದ ಜಾಗ ಅದು.

ನಿಮ್ಮ ಲೀಡ್, ನಿದ್ದೆಯನ್ನು ಎಣಿಸದ ಮೊನೊಟಾನಿಕ್ ಗಡಿಯಾರಕ್ಕೂ ನಿದ್ದೆ ಸೇರಿಸಿಬಿಡೋಣ ಅಂದರಂತೆ. ಬೇಡ ಅನ್ನು. 2018ರಲ್ಲಿ ಲಿನಕ್ಸ್ 4.17ಕ್ಕೆ ಅದನ್ನೇ ಮಾಡಲು ಹೋಗಿ, ಬಿಡುಗಡೆಗೆ ಮೊದಲೇ ವಾಪಸ್ ತೆಗೆದರು. ಮಲಗಿದ್ದ ಹೊತ್ತನ್ನೂ ಕೆಲಸ ಮಾಡದ ಹೊತ್ತೆಂದು ಎಣಿಸಿ, ಎದ್ದ ತಕ್ಷಣ ಸಿಸ್ಟಮ್‌ಡಿ ಒಳ್ಳೆಯ ಡೀಮನ್‌ಗಳನ್ನೇ ಕೊಲ್ಲತೊಡಗಿತ್ತು. ವಾಪಸ್ ತೆಗೆದದ್ದೇ ಸರಿ. ನಿದ್ದೆ ಸೇರಿದ ಲೆಕ್ಕ ಬೇಕಾದವರಿಗೆ 2011ರಿಂದ ಬೂಟ್‌ಟೈಮ್ ಗಡಿಯಾರ ಇದ್ದೇ ಇದೆಯಲ್ಲ.

ಪರೀಕ್ಷೆಗೆ ಮೊದಲು ಎನ್‌ಟಿಪಿ ನಿಲ್ಲಿಸು. ಇಲ್ಲದಿದ್ದರೆ ಅದು ಹಿಂದಿನಿಂದ ಬಂದು ಗಡಿಯಾರ ತಿದ್ದಿ ನಿನ್ನನ್ನು ಯಾಮಾರಿಸುತ್ತೆ. ಆಮೇಲೆ ಆರ್‌ಟಿಸಿವೇಕ್‌ನಲ್ಲಿ 60 ಸೆಕೆಂಡು ಮಲಗಿಸಿ, ಹೊತ್ತು ತೋರಿಸುವುದು, ಮೊನೊಟಾನಿಕ್, ಬೂಟ್‌ಟೈಮ್ ಮೂರೂ ಗಡಿಯಾರಗಳನ್ನು ಓದಿಕೋ. ಲಾಗ್ ಕಳಿಸು, ಊಟ ಮಾಡಿ ನೋಡುತ್ತೇನೆ. ಅಮ್ಮನಿಗೆ ಫೋನ್ ಮಾಡಿಲ್ಲವಂತೆ, ಮೊದಲು ಅದು ಮಾಡು.

ನಿನ್ನ
ಅಣ್ಣ